ನೀರು ಹೊಲಕ್ಕೆ ಬಂತೇ?

ಗುರಿ ಇಟ್ಟುಕೊಳ್ಳುವುದು ಸುಲಭ, ಮುಟ್ಟಿದೆವೋ ಇಲ್ಲವೋ ಎಂದು ಅಳೆಯುವುದೇ ಕಷ್ಟ. ದೊಡ್ಡ ಕಂಪನಿಗಳು ಇದಕ್ಕೊಂದು ಪದ್ಧತಿ ಕಟ್ಟಿಕೊಂಡಿವೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಗೆ ಅದೇ ಪಾಠ ಬೇರೆ ದಾರಿಯಿಂದ ಬಂದಿದೆ, ಒಮ್ಮೆಯಂತೂ ಬಲು ದುಬಾರಿ ಬೆಲೆಗೆ.

ಗಾಂಧಿ ಜಯಂತಿ ಮುಗಿಯಿತೆಂದರೆ ಗ್ರಾಮ ಪಂಚಾಯಿತಿಗಳಲ್ಲಿ ಮುಂದಿನ ವರ್ಷದ ಯೋಜನೆ ಬರೆಯುವ ಗಡಿಬಿಡಿ. ಗಜೇಂದ್ರಗಡ ತಾಲ್ಲೂಕಿನ ರಾಜೂರ ಇರಲಿ, ಸುತ್ತಲಿನ ಇನ್ನಾವ ಊರೇ ಇರಲಿ, ವಾರ್ಡ್ ಸಭೆಯಲ್ಲಿ ಏಳುವ ಮಾತು ಹೆಚ್ಚುಕಡಿಮೆ ಒಂದೇ. ‘ನಮ್ಮ ಓಣ್ಯಾಗ ಗಟಾರ ಮಾಡಿಕೊಡ್ರಿ’, ‘ಕಂಬ ನಿಂತೈತಿ, ಲೈಟ್ ಹತ್ತಂಗಿಲ್ಲ’, ‘ಸಾಲಿ ಕಂಪೌಂಡ್ ಬಿದ್ದು ಮಳೆಗಾಲ ಕಳೀತು’. ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಸಿಸಿ ರಸ್ತೆ, ಗಟಾರ, ಬೀದಿದೀಪಗಳ ಒಂದು ಉದ್ದನೆಯ ಪಟ್ಟಿ ಸಿದ್ಧ. ಅದಕ್ಕೆ ಅನುದಾನ ಹೊಂದಿಸಿದರೆ ಕ್ರಿಯಾಯೋಜನೆ ಆಯಿತು. ವರ್ಷದ ಕೊನೆಗೆ ಮಾರ್ಚ್ ಬಂದಾಗ ಕೇಳುವ ಪ್ರಶ್ನೆಗಳು ಎರಡೇ: ಕಾಮಗಾರಿ ಎಷ್ಟು ಮುಗಿದವು, ರೊಕ್ಕ ಎಷ್ಟು ಖರ್ಚಾಯಿತು?

ಗಟಾರ ಕಟ್ಟಿದ ಮೇಲೆ ಆ ಓಣಿಯಲ್ಲಿ ಸೊಳ್ಳೆ ಕಡಿಮೆಯಾದವೇ, ಡೆಂಗಿ ಜ್ವರ ಇಳಿಯಿತೇ ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇರುವುದಿಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿಯನ್ನೇ ನಾವು ಗುರಿ ಎಂದು ಕರೆಯುತ್ತಾ ಬಂದಿದ್ದೇವೆ. ಇದು ಪಂಚಾಯಿತಿಯೊಂದರ ರೋಗವಲ್ಲ. ಶಾಲೆ, ಬ್ಯಾಂಕು, ಸಹಕಾರ ಸಂಘ, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿ, ಹೊಸ ವರ್ಷಕ್ಕೆ ಡೈರಿ ಕೊಂಡು ಸಂಕಲ್ಪ ಬರೆಯುವ ನಾವು ನೀವು, ಎಲ್ಲರದೂ ಇದೇ ಕಥೆ.

ಇಂಟೆಲ್‌ನಿಂದ ಗೂಗಲ್‌ಗೆ

ನಿರ್ವಹಣಾ ಚಿಂತಕ ಪೀಟರ್ ಡ್ರಕರ್ 1954ರಲ್ಲಿ ಬರೆದ ‘ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್’ ಪುಸ್ತಕದಲ್ಲಿ, ನೌಕರರಿಗೆ ಬರೀ ಹುಕುಂ ಕೊಡುವ ಬದಲು ಗುರಿ ಕೊಟ್ಟು ಕೆಲಸ ತೆಗೆಯುವ ವಿಚಾರವನ್ನು ಮುಂದಿಟ್ಟರು. 1970ರ ದಶಕದಲ್ಲಿ ಚಿಪ್ ತಯಾರಿಸುವ ಇಂಟೆಲ್ ಕಂಪನಿಯ ಆ್ಯಂಡಿ ಗ್ರೋವ್ ಅದನ್ನು ತಿದ್ದಿ ಹರಿತಗೊಳಿಸಿದರು. ಅವರ ಪದ್ಧತಿಯಲ್ಲಿ ಇರುವುದು ಎರಡೇ ಭಾಗ. ಎಲ್ಲಿಗೆ ಹೋಗಬೇಕು ಎಂಬುದು ಉದ್ದೇಶ. ಅಲ್ಲಿಗೆ ಹೊರಟಿದ್ದೇವೆ, ತಲುಪುತ್ತಿದ್ದೇವೆ ಎಂದು ತೋರಿಸುವ ಮೂರ್ನಾಲ್ಕು ಸಂಖ್ಯೆಗಳು ಮುಖ್ಯ ಫಲಿತಾಂಶ. ಉದ್ದೇಶ ಮನಸ್ಸಿಗೆ ಹುರುಪು ಕೊಡಬೇಕು. ಫಲಿತಾಂಶದಲ್ಲಿ ವಾದಕ್ಕೆ ಎಡೆ ಇರಬಾರದು. ಆಯಿತೇ ಇಲ್ಲವೇ ಎಂದು ಯಾರು ನೋಡಿದರೂ ಒಂದೇ ಉತ್ತರ ಬರಬೇಕು.

1980ರ ಸುಮಾರಿಗೆ ಇಂಟೆಲ್‌ನ 8086 ಚಿಪ್‌ಗೆ ಮೋಟೊರೋಲಾ ಕಂಪನಿಯಿಂದ ಭಾರಿ ಪೈಪೋಟಿ ಎದುರಾಯಿತು. ‘ಚೆನ್ನಾಗಿ ಮಾರಾಟ ಮಾಡಿ’ ಎಂದು ಭಾಷಣ ಬಿಗಿಯುವುದು ಸುಲಭವಿತ್ತು. ಇಂಟೆಲ್ ಹಾಗೆ ಮಾಡಲಿಲ್ಲ. ಗ್ರಾಹಕ ಕಂಪನಿಗಳು ತಮ್ಮ ಹೊಸ ಯಂತ್ರದ ವಿನ್ಯಾಸಕ್ಕೆ ತನ್ನ ಚಿಪ್ಪನ್ನೇ ಆರಿಸಿಕೊಳ್ಳಬೇಕು, ಅಂಥ 2000 ಆಯ್ಕೆಗಳನ್ನು ಒಂದು ವರ್ಷದಲ್ಲಿ ಗೆಲ್ಲಬೇಕು ಎಂದು ಗೊತ್ತುಮಾಡಿಕೊಂಡಿತು. ಮಾರಾಟದವರಿಂದ ಎಂಜಿನಿಯರ್‌ವರೆಗೆ ಎಲ್ಲರ ಕಣ್ಣೂ ಆ ಒಂದು ಸಂಖ್ಯೆಯ ಮೇಲೆ. ವರ್ಷದ ಕೊನೆಗೆ ಗೆಲುವು 2500ರ ಹತ್ತಿರ ಹೋಗಿತ್ತು. ಅಲ್ಲಿ ಕೆಲಸ ಮಾಡಿದ್ದ ಜಾನ್ ಡೋರ್ 1999ರಲ್ಲಿ ಈ ಪದ್ಧತಿಯನ್ನು, ಹುಟ್ಟಿ ಹೆಚ್ಚು ದಿನವಾಗಿರದ ಗೂಗಲ್‌ಗೆ ಒಯ್ದರು. ಅಲ್ಲಿಂದ ‘ಓಕೆಆರ್’ (ಆಬ್ಜೆಕ್ಟಿವ್ಸ್ ಆ್ಯಂಡ್ ಕೀ ರಿಸಲ್ಟ್ಸ್, ಅಂದರೆ ಉದ್ದೇಶ ಮತ್ತು ಮುಖ್ಯ ಫಲಿತಾಂಶ) ಎಂಬ ಹೆಸರಿನಲ್ಲಿ ಅದು ಲೋಕ ಸುತ್ತಿತು. ಇಂದು ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಮೂರು ತಿಂಗಳಿಗೊಮ್ಮೆ ಇದರದ್ದೇ ಮಾತು.

ಗೂಗಲ್ ಇದಕ್ಕೆ ಇನ್ನೊಂದು ಗುಣ ಸೇರಿಸಿತು. ಎತ್ತರದ ಗುರಿ ಇಟ್ಟುಕೊಂಡು ನೂರಕ್ಕೆ ಎಪ್ಪತ್ತು ಮುಟ್ಟಿದರೆ ಅಲ್ಲಿ ಅದು ಒಳ್ಳೆಯ ಸಾಧನೆ. ಪ್ರತಿ ಸಲ ನೂರಕ್ಕೆ ನೂರು ಬಂದರೆ ಗುರಿಯೇ ತಗ್ಗಿನಲ್ಲಿತ್ತು ಎಂದರ್ಥ. ನಮ್ಮ ಕಚೇರಿಗಳ ರೂಢಿ ಇದಕ್ಕೆ ತಿರುಗುಮುರುಗು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಎಪ್ಪತ್ತು ಎಂದವನಿಗೆ ಬೈಗುಳ, ನೂರು ಎಂದವನಿಗೆ ಶಾಭಾಷ್. ಹೀಗಾದಾಗ ಮನುಷ್ಯ ಎರಡರಲ್ಲಿ ಒಂದನ್ನು ಕಲಿಯುತ್ತಾನೆ: ಗುರಿಯನ್ನು ಮೊದಲೇ ತಗ್ಗಿಸಿಡುವುದು, ಇಲ್ಲವೇ ಅಂಕಿಯನ್ನು ಹಿಗ್ಗಿಸಿ ಬರೆಯುವುದು.

ಐದು ಸೂತ್ರ, ಒಂದು ಠರಾವು ಪುಸ್ತಕ

ಓಕೆಆರ್ ಹೆಸರು ಕೇಳದವರ ನಡುವೆ ಅದರ ಅರ್ಧಭಾಗ ಎಷ್ಟೋ ವರ್ಷಗಳಿಂದ ನಡೆದುಬಂದಿದೆ. ನೋಡಬೇಕೆಂದರೆ ಯಾವುದಾದರೂ ಮಹಿಳಾ ಸ್ವಸಹಾಯ ಸಂಘದ ಸಭೆಗೆ ಹೋಗಿ ಕೂಡಬೇಕು. ಸಭೆ ಗುಡಿಯ ಕಟ್ಟೆಯ ಮೇಲೋ ಅಂಗನವಾಡಿಯಲ್ಲೋ ನಡೆಯುತ್ತದೆ. ಹತ್ತರಿಂದ ಇಪ್ಪತ್ತು ಹೆಣ್ಣುಮಕ್ಕಳು ಸುತ್ತುಗಟ್ಟಿ ಕೂತಿರುತ್ತಾರೆ, ನಡುವೆ ಠರಾವು ಪುಸ್ತಕ, ಉಳಿತಾಯ ಸಾಲದ ಖಾತೆ ಪುಸ್ತಕ. ಹಾಜರಿ ಆಗುತ್ತದೆ, ಉಳಿತಾಯದ ರೊಕ್ಕ ಎಲ್ಲರೆದುರೇ ಎಣಿಸುತ್ತಾರೆ. ‘ಯಾಕ್ರೀ ಅಕ್ಕಾರ, ಹೋದ ವಾರದ್ದೂ ಬಾಕಿ ಐತಲ್ಲ?’ ಎಂದು ಪ್ರತಿನಿಧಿ ಕೇಳುತ್ತಾಳೆ. ‘ಜ್ವಾಳ ಮಾರಿಲ್ಲವ್ವಾ ಇನ್ನಾ, ಬರೂ ವಾರ ಎರಡೂ ಕೂಡಿಸಿ ತುಂಬ್ತೀನಿ’ ಎಂದು ಉತ್ತರ ಬರುತ್ತದೆ. ಆ ಮಾತೂ ಪುಸ್ತಕಕ್ಕೆ ಏರುತ್ತದೆ. ಮುಂದಿನ ವಾರ ಆಕೆ ತುಂಬಿದಳೋ ಇಲ್ಲವೋ ಎಂಬುದಕ್ಕೆ ಸುತ್ತಲಿದ್ದ ಅಷ್ಟೂ ಜನ ಸಾಕ್ಷಿ.

ನಿಯಮಿತ ಸಭೆ, ನಿಯಮಿತ ಉಳಿತಾಯ, ಸಂಘದೊಳಗೇ ಸಾಲ, ಸಕಾಲಕ್ಕೆ ಮರುಪಾವತಿ, ಅಂದಂದಿನ ಲೆಕ್ಕ ಅಂದೇ ಬರೆಯುವುದು. ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆ ‘ಸಂಜೀವಿನಿ’ಯ ಸಂಘಗಳು ಪಂಚಸೂತ್ರ ಎನ್ನುವುದು ಈ ಐದಕ್ಕೆ. ಹೊಸ ಸಂಘ ಮೂರು ತಿಂಗಳು ಇವನ್ನು ಪಾಲಿಸಿ ತೋರಿಸಿದರೆ ಸುತ್ತುನಿಧಿಗೆ ಅರ್ಹ. ಮುಂದೆ ಬ್ಯಾಂಕು ಸಾಲ ಕೊಡುವಾಗಲೂ ನೋಡುವುದು ಇದೇ ಪುಸ್ತಕವನ್ನು.

ಸ್ವಸಹಾಯ ಸಂಘಗಳ ಈ ಚಳವಳಿಯ ಬೇರು ಕರ್ನಾಟಕದಲ್ಲೇ ಇದೆ. 1980ರ ದಶಕದ ನಡುವೆ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳು ಹುಟ್ಟಿಕೊಂಡವು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿದ್ದು ಈ ಅನುಭವದ ಬಲದ ಮೇಲೆಯೇ. ಗದಗ ಜಿಲ್ಲೆಗಂತೂ ಕೂಡಿ ಲೆಕ್ಕ ಇಡುವುದು ಹೊಸದಲ್ಲ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ.

ಪಂಚಸೂತ್ರ ಬಾಳಿದ್ದು ಏಕೆ ಎಂದು ನೋಡಿದರೆ ಮೂರು ಸಂಗತಿ ಕಾಣುತ್ತವೆ. ಸೂತ್ರಗಳು ಐದೇ, ಎಲ್ಲರಿಗೂ ಬಾಯಿಪಾಠ. ಅಳತೆ ವಾರಕ್ಕೊಮ್ಮೆ, ವರ್ಷಕ್ಕೊಮ್ಮೆ ಅಲ್ಲ. ಎಣಿಸುವವರೂ ದುಡಿಯುವವರೂ ಒಬ್ಬರೇ; ಮೇಲಿನವರಿಗೆ ವರದಿ ಒಪ್ಪಿಸಲು ಎಣಿಸಿದ್ದಲ್ಲ, ತಮ್ಮ ರೊಕ್ಕ ತಮಗೆ ತಿಳಿಯಲಿ ಎಂದು ಎಣಿಸಿದ್ದು.

ಕೊರತೆಯೂ ಅಲ್ಲೇ ಇದೆ. ಐದೂ ಸೂತ್ರಗಳು ಸಂಘದ ಶಿಸ್ತನ್ನು ಅಳೆಯುತ್ತವೆ, ಸದಸ್ಯೆಯ ಬಾಳನ್ನು ಅಳೆಯುವುದಿಲ್ಲ. ಸಂಘದ ಕಂತನ್ನು ತಪ್ಪದೆ ತುಂಬಲು ಆಕೆ ಮೈಕ್ರೊ ಫೈನಾನ್ಸ್‌ನಿಂದ ಇನ್ನೊಂದು ಸಾಲ ತಂದಿದ್ದರೆ, ಸಂಘದ ಪುಸ್ತಕದಲ್ಲಿ ಮರುಪಾವತಿ ನೂರಕ್ಕೆ ನೂರು, ಮನೆಯಲ್ಲಿ ನಿದ್ದೆ ಇಲ್ಲ. ಇಂಥ ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ‘ಬಿತ್ತಿಗೆ ಹೊತ್ತಿನಾಗ ನಮ್ಮ ಸಂಘದ ಒಬ್ಬಾಕಿನೂ ಹೊರಗ ಬಡ್ಡಿ ಸಾಲ ತರಬಾರದು’ ಎಂದು ಸಂಘ ಒಂದು ಉದ್ದೇಶ ಬರೆದುಕೊಂಡರೆ, ಅದೇ ಐದು ಸೂತ್ರಗಳಿಗೆ ಬೇರೆಯದೇ ಜೀವ ಬರುತ್ತದೆ.

ನರಗುಂದ ಕೇಳಿದ ಲೆಕ್ಕ

ಅಳತೆಯನ್ನು ಯಾರ ಕಡೆಯಿಂದ ಮಾಡಬೇಕು ಎಂಬ ಪ್ರಶ್ನೆಗೆ ನರಗುಂದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು, ಕಾಲುವೆ ತೋಡಿದರು. ಸರ್ಕಾರದ ಕಡತದಲ್ಲಿ ಇಷ್ಟು ಎಕರೆ ಅಚ್ಚುಕಟ್ಟು ಎಂದು ದಾಖಲಾಯಿತು. ನೀರಾವರಿ ಬಂದರೆ ಭೂಮಿಯ ಬೆಲೆ ಏರುತ್ತದೆ, ಏರಿದ ಬೆಲೆಯಲ್ಲಿ ಸರ್ಕಾರಕ್ಕೂ ಪಾಲು ಕೊಡಬೇಕು ಎಂಬ ಲೆಕ್ಕದ ಮೇಲೆ ರೈತರಿಗೆ ಬೆಟರ್‌ಮೆಂಟ್ ಲೆವಿ ಹೇರಲಾಯಿತು. ಮೇಲೆ ನೀರಿನ ಕರ ಬೇರೆ.

ರೈತರ ಲೆಕ್ಕ ಹೊಲದಿಂದ ಶುರುವಾಗುತ್ತಿತ್ತು. ಎಷ್ಟೋ ಹೊಲಗಳಿಗೆ ನೀರು ಮುಟ್ಟಿರಲಿಲ್ಲ. ಮುಟ್ಟಿದ ಕಡೆ ಎರೆಭೂಮಿ ಸವುಳು ಜವುಳಾಗುವ ಭಯ. ಹತ್ತಿಯ ಬೆಲೆಯೂ ಕುಸಿದಿತ್ತು. ನೀರು ಕಾಣದ ಹೊಲಕ್ಕೂ ಕರದ ನೋಟಿಸ್ ಬಂದರೆ ಯಾರು ತಾನೇ ಸುಮ್ಮನಿದ್ದಾರು? 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಚಳವಳಿ ಸ್ಫೋಟಗೊಂಡಿತು. ಗೋಲಿಬಾರ್ ನಡೆಯಿತು, ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಪ್ರಾಣ ತೆತ್ತರು. ಪೊಲೀಸರ ಕಡೆಯೂ ಜೀವಗಳು ಹೋದವು. ಕರ್ನಾಟಕ ರಾಜ್ಯ ರೈತ ಸಂಘ ಮೈದಳೆದದ್ದು ಈ ಬಂಡಾಯದ ಬೆನ್ನಿಗೆ. ಇಂದಿಗೂ ಜುಲೈ 21 ಇಲ್ಲಿ ರೈತ ಹುತಾತ್ಮರ ದಿನ.

ಬಂಡಾಯಕ್ಕೆ ಕಾರಣಗಳು ಹಲವು, ಎಲ್ಲವನ್ನೂ ಅಳತೆಯ ತಪ್ಪಿಗೆ ಇಳಿಸಲಾಗದು. ಆದರೂ ಒಂದು ಮಾತು ನಿಜ. ಕಾಲುವೆ ತೋಡುವುದು ಕೆಲಸ, ಹೊಲಕ್ಕೆ ನೀರು ಬರುವುದು ಫಲಿತಾಂಶ. ಎಂಜಿನಿಯರ್ ಕಾಲುವೆಯ ಬಾಯಿಯಲ್ಲಿ ನಿಂತು ಅಳೆದರೆ ಯೋಜನೆ ಗೆದ್ದಂತೆ, ಕೊನೆಯ ರೈತ ತನ್ನ ಬದುವಿನ ಮೇಲೆ ನಿಂತು ಅಳೆದರೆ ಸೋತಂತೆ. ಯಾರಿಗೆ ಮಾತು ಕೊಟ್ಟಿದ್ದೇವೋ ಅವರು ನಿಂತ ಜಾಗದಿಂದ ಅಳೆಯದ ಅಂಕಿ ಎಷ್ಟೇ ಕರಾರುವಾಕ್ಕಾಗಿದ್ದರೂ ಅದು ಫಲಿತಾಂಶವಲ್ಲ. ಯಾವುದೇ ತಂಡ ಗುರಿ ಬರೆದುಕೊಂಡ ಮೇಲೆ ಪ್ರತಿ ಸಾಲಿನ ಮುಂದೆ ಈ ಪ್ರಶ್ನೆ ಇಟ್ಟು ನೋಡಬಹುದು: ಇದರಲ್ಲಿ ಕಾಲುವೆ ಯಾವುದು, ನೀರು ಯಾವುದು?

ಜೋಡಿ ಅಳತೆ

ಗಜೇಂದ್ರಗಡ ಪಟ್ಟೇದ ಅಂಚು ಸೀರೆಗೆ ಹೆಸರಾದ ಊರು. ಚೌಕಳಿಯ ಒಡಲು, ಅಗಲ ಅಂಚು, ದಿನಬಳಕೆಗೂ ದೇವಿಯ ಉಡಿಗೂ ಸಲ್ಲುವ ಹತ್ತಿ ಸೀರೆ ಅದು. ನೇಕಾರರ ಕೂಲಿ ಸೀರೆಯ ಲೆಕ್ಕದ ಮೇಲೆ. ವಾರಕ್ಕೆ ಎಷ್ಟು ನೇಯ್ದರು ಎಂಬುದೊಂದನ್ನೇ ನೋಡಿದರೆ ಕೈ ಅವಸರ ಮಾಡುತ್ತದೆ, ಹೊಕ್ಕಿನ ನೂಲು ಸಡಿಲ ಬೀಳುತ್ತದೆ, ಚೌಕಳಿ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ. ಆದ್ದರಿಂದಲೇ ಸೀರೆ ಒಪ್ಪಿಸುವಾಗ ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು, ಅಂಚು ನೆಟ್ಟಗಿದೆಯೇ, ಎಳೆ ಬಿಟ್ಟಿದೆಯೇ ಎಂದು ನೋಡುತ್ತಾರೆ. ಒಂದು ಕಣ್ಣು ಎಣಿಕೆಯ ಮೇಲೆ, ಇನ್ನೊಂದು ಗುಣದ ಮೇಲೆ.

ಆ್ಯಂಡಿ ಗ್ರೋವ್ 1983ರ ತಮ್ಮ ‘ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್’ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ: ಪ್ರಮಾಣದ ಅಳತೆಯೊಂದನ್ನು ಇಟ್ಟರೆ ಪಕ್ಕದಲ್ಲಿ ಗುಣದ ಅಳತೆಯೊಂದನ್ನು ಜೋಡಿಯಾಗಿ ಇಡಬೇಕು. ಒಂಟಿ ಅಂಕಿಗೆ ಬೆನ್ನುಬಿದ್ದರೆ ಜನ ಅಂಕಿಯನ್ನು ಗೆದ್ದು ಉದ್ದೇಶವನ್ನು ಸೋಲುತ್ತಾರೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಈ ಅಪಾಯವನ್ನು ಗುರುತಿಸಿದ್ದರು, ಇಂದು ಅದು ಅವರ ಹೆಸರಿನ ನಿಯಮವೇ ಆಗಿದೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಒಬ್ಬೊಬ್ಬ ಗ್ರಾಹಕನಿಗೆ ಎಂಟೆಂಟು ಸೇವೆ ಮಾರಬೇಕೆಂದು ಸಿಬ್ಬಂದಿಯ ಬೆನ್ನುಹತ್ತಿತ್ತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆಯೇ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸಾವಿರಾರು ನೌಕರರ ಕೆಲಸ ಹೋಯಿತು.

ನಮ್ಮಲ್ಲಿ ಇದರ ಸಣ್ಣ ರೂಪಗಳು ಬೇಕಾದಷ್ಟು. ಬಡ್ಡಿ ಇಲ್ಲದ ಬೆಳೆಸಾಲ ಮತ್ತೆ ಸಿಗಬೇಕಾದರೆ ಹಳೆಯದನ್ನು ಗಡುವಿನೊಳಗೆ ತುಂಬಬೇಕು. ಕೈಯಲ್ಲಿ ರೊಕ್ಕ ಇಲ್ಲದ ರೈತ ಎರಡು ದಿನಕ್ಕೆಂದು ಕೈಗಡ ತಂದು ತುಂಬುತ್ತಾನೆ, ಹೊಸ ಸಾಲ ಎತ್ತಿ ಕೈಗಡ ತೀರಿಸುತ್ತಾನೆ. ವಸೂಲಿ ಪೂರ್ಣ ಎಂದು ಕಾಗದ ಹೇಳುತ್ತದೆ, ಸಾಲ ಇದ್ದಲ್ಲೇ ಇರುತ್ತದೆ. ಎಸ್ಸೆಸ್ಸೆಲ್ಸಿಯದು ಇನ್ನೂ ಕಣ್ಣಿಗೆ ಹೊಡೆಯುವ ಉದಾಹರಣೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕ ಹೆಚ್ಚಿಸಿಯೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರು ಎಂದು ಯಾರೂ ನಂಬಲಾರರು. ‘ನಮ್ಮ ಜಿಲ್ಲೆ ಮೊದಲ ಹತ್ತರೊಳಗೆ ಬರಬೇಕು’ ಎಂಬ ಗುರಿಯ ಪಕ್ಕದಲ್ಲಿ ‘ಒಂಬತ್ತನೇ ತರಗತಿಯ ಎಷ್ಟು ಮಕ್ಕಳು ಕನ್ನಡದ ಒಂದು ಪುಟವನ್ನು ತಡವರಿಸದೆ ಓದಿ ಅರ್ಥ ಹೇಳಬಲ್ಲರು’ ಎಂಬ ಜೋಡಿ ಅಳತೆಯೂ ಇದ್ದಿದ್ದರೆ, ಕ್ಯಾಮೆರಾ ಬರುವ ಮೊದಲೇ ಸತ್ಯ ತಿಳಿಯುತ್ತಿತ್ತು.

ಒಬ್ಬೊಬ್ಬರ ಗುರಿ

ಒಬ್ಬ ಮನುಷ್ಯನ ಗುರಿಗೂ ಇದೇ ಮಾತು. ಈ ಸೀಮೆಯ ಎಷ್ಟೋ ಹುಡುಗ ಹುಡುಗಿಯರು ಪೊಲೀಸ್ ಕಾನ್‌ಸ್ಟೆಬಲ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ತಯಾರಾಗಲು ಧಾರವಾಡದ ಸಪ್ತಾಪುರದ ಕೋಣೆಗಳನ್ನು ಹಿಡಿಯುತ್ತಾರೆ. ಅವರ ತಯಾರಿಯಲ್ಲಿ ಎರಡು ಬಗೆಯ ಅಳತೆ ಒಟ್ಟಿಗೇ ಕಾಣುತ್ತದೆ. ಬೆಳಗಿನ ಜಾವದ ಓಟದಲ್ಲಿ ಯಾರೂ ತಮ್ಮನ್ನು ತಾವು ವಂಚಿಸಿಕೊಳ್ಳುವುದಿಲ್ಲ. ಕಾನ್‌ಸ್ಟೆಬಲ್ ಹುದ್ದೆಗೆ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಇವತ್ತು ಏಳು ನಿಮಿಷವಾಯಿತೆಂದರೆ ಅರ್ಧ ನಿಮಿಷ ಬಾಕಿ, ಅಷ್ಟೇ. ಓದಿನ ವಿಷಯಕ್ಕೆ ಬಂದರೆ ಅದೇ ಹುಡುಗನ ಮಾತು ಬದಲಾಗುತ್ತದೆ: ‘ದಿನಾ ಹತ್ತು ತಾಸು ಓದಾಕತ್ತೀನ್ರಿ ಸರ್’. ತಾಸು ಹಾಕಿದ ಶ್ರಮ, ಅದು ಕಾಲುವೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದಾಗ ಹೋದ ತಿಂಗಳಿಗಿಂತ ಎಷ್ಟು ಅಂಕ ಹೆಚ್ಚು ಬಂತು ಎಂಬುದು ನೀರು. ಓಟಕ್ಕಿಟ್ಟ ಸ್ಟಾಪ್‌ವಾಚನ್ನು ಓದಿಗೂ ಇಡುವ ಧೈರ್ಯ ಮಾಡಿದವರು ಬೇಗ ತಿದ್ದಿಕೊಳ್ಳುತ್ತಾರೆ.

ರೈತನಿಗೆ ಇನ್ನೊಂದು ತೊಡಕಿದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯನ್ನು ನಂಬಿದ ಎರೆಭೂಮಿಯಲ್ಲಿ ಹೆಸರು, ಕಡಲೆ, ಬಿಳಿಜೋಳ ಬೆಳೆಯುವವನು ‘ಎಕರೆಗೆ ಇಷ್ಟು ಕ್ವಿಂಟಲ್’ ಎಂದು ಗುರಿ ಬರೆದರೆ ಅದರಲ್ಲಿ ಅರ್ಧ ಮುಗಿಲಿನ ಕೈಯಲ್ಲಿ. ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಕಾಳಿನ ಬಣ್ಣ ಕೆಟ್ಟು ಬೆಲೆ ಬೀಳುತ್ತದೆ, ಅದಕ್ಕೆ ಅವನನ್ನು ದೂರುವಂತಿಲ್ಲ. ಹಾಗೆಂದು ಗುರಿಯೇ ಬೇಡವೆನ್ನಲಾಗದು. ಬೀಜೋಪಚಾರ ಮಾಡಿಯೇ ಬಿತ್ತುವುದು, ಹದ ಇರುವಾಗಲೇ ಬಿತ್ತಿಗೆ ಮುಗಿಸುವುದು, ಎಕರೆಯ ಖರ್ಚನ್ನು ಹೋದ ವರ್ಷಕ್ಕಿಂತ ತಗ್ಗಿಸುವುದು ಅವನ ಕೈಯಲ್ಲಿವೆ. ಸುಗ್ಗಿ ಮುಗಿದು ಎಲ್ಲ ಬಾಕಿ ತೀರಿಸಿದ ಮೇಲೆ ಎಕರೆಗೆ ಎಷ್ಟು ಉಳಿಯಿತು ಎಂಬ ಕೊನೆಯ ಅಂಕಿಯನ್ನೂ ಬರೆದಿಡಬೇಕು, ಮೂರು ವರ್ಷದ್ದನ್ನು ಕೂಡಿಸಿ ನೋಡಬೇಕು. ಕಂಪನಿಯ ತಂಡಕ್ಕೂ ಇದೇ ವಿವೇಕ ಬೇಕು: ಕೈಲಿರುವುದನ್ನು ವಾರವಾರ ಅಳೆಯುವುದು, ಕೈಮೀರಿದ್ದನ್ನು ದೀರ್ಘಕಾಲದ ಸರಾಸರಿಯಲ್ಲಿ ನೋಡುವುದು.

ಒಂದು ಹಾಳೆ, ನಾಲ್ಕು ಸಾಲು

ರಾಜೂರಿನಂಥ ಊರಿಗೆ ಇಂಥ ಗುರಿಯೊಂದನ್ನು ಬರೆದರೆ ಹೇಗಿದ್ದೀತು? ಇದು ಯಾವ ಪಂಚಾಯಿತಿಯ ಕಡತದ್ದೂ ಅಲ್ಲ, ಉದಾಹರಣೆಗೆಂದು ನಾನೇ ಬರೆದದ್ದು. ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. 2019ರಲ್ಲಿ ಶುರುವಾದ ಜಲಜೀವನ ಮಿಷನ್‌ನ ಲೆಕ್ಕದಲ್ಲಿ ಮನೆಗೆ ನಳ ಬಂದರಷ್ಟೇ ಸಾಲದು. ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ತಪ್ಪದೆ ಬರಬೇಕು. ಐದು ಜನರ ಮನೆಗೆ 275 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಎಣಿಸಿದರೆ ಹದಿನೆಂಟು ಕೊಡ ದಾಟುತ್ತದೆ. ಈ ಲೆಕ್ಕ ಯಾವ ಮನೆಯಾಕೆಗೂ ಹೇಳಿಕೊಡಬೇಕಿಲ್ಲ.

ಉದ್ದೇಶ: ಈ ಬೇಸಿಗೆಯಲ್ಲಿ ಊರಿನ ಯಾವ ಹೆಣ್ಣುಮಗಳೂ ಕೊಡ ಹೊತ್ತು ಇನ್ನೊಂದು ಓಣಿಗೆ ಹೋಗಬಾರದು.

ಫಲಿತಾಂಶ ಒಂದು: ಪ್ರತಿ ಓಣಿಯ ಕಟ್ಟಕಡೆಯ ಮನೆಯ ನಳದಲ್ಲಿ, ಹೇಳಿದ ದಿನ ಹೇಳಿದ ಹೊತ್ತಿಗೆ, ಆ ಮನೆಗೆ ಬೇಕಾದಷ್ಟು ಕೊಡ ತುಂಬಬೇಕು. ತುಂಬಿದ್ದನ್ನು ವಾರಕ್ಕೊಮ್ಮೆ ಬರೆಯುವವರು ಆ ಮನೆಯವರೇ.

ಎರಡು: ಪೈಪ್ ಒಡೆದ, ಮೋಟರ್ ಸುಟ್ಟ ದೂರು ಬಂದರೆ ಎರಡು ದಿನದೊಳಗೆ ದುರಸ್ತಿ. ದೂರಿನ ತಾರೀಖು, ದುರಸ್ತಿಯ ತಾರೀಖು ಎರಡೂ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಇರಬೇಕು.

ಮೂರು: ನೀರಿನ ಪರೀಕ್ಷೆಗೆ ಊರಿನ ಐವರು ಮಹಿಳೆಯರಿಗೆ ತರಬೇತಿ ಕೊಡುವ ಏರ್ಪಾಡು ಮಿಷನ್‌ನಲ್ಲೇ ಇದೆ. ಅವರು ತಿಂಗಳಿಗೊಮ್ಮೆ ಮಾಡಿದ ಪರೀಕ್ಷೆಯ ಫಲಿತಾಂಶ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು.

ನಾಲ್ಕು: ನೀರಿನ ಕರ ತುಂಬಿದ ಮನೆಗಳ ಪಾಲು ಮಾರ್ಚ್‌ಗಿಂತ ಜೂನ್‌ನಲ್ಲಿ ಹೆಚ್ಚಬೇಕು. ಸೇವೆ ಸುಧಾರಿಸಿದ್ದು ಜನಕ್ಕೆ ಮನವರಿಕೆಯಾಗಿದೆಯೇ ಎಂದು ಈ ಸಾಲು ಹೇಳುತ್ತದೆ. ಉಳಿದ ಮೂರರಲ್ಲಿ ಎಲ್ಲಾದರೂ ಸುಳ್ಳು ಬರೆದಿದ್ದರೆ ಅದೂ ಇಲ್ಲಿ ಬಯಲಾಗುತ್ತದೆ.

ಇದರಲ್ಲಿ ‘ಇಷ್ಟು ಮೀಟರ್ ಪೈಪ್‌ಲೈನ್’ ಎಂಬ ಸಾಲು ಇಲ್ಲ. ಪೈಪು ಬೇಡವೆಂದಲ್ಲ, ಅದು ಎಂಜಿನಿಯರ್‌ನ ಕೆಲಸದ ಪಟ್ಟಿಯಲ್ಲಿ ಇರಲಿ. ವಾಟರ್‌ಮನ್, ಪಿಡಿಒ, ವಾರ್ಡ್ ಸದಸ್ಯ ಮೂವರೂ ಇದೇ ಹಾಳೆಯಿಂದ ತಂತಮ್ಮ ಪಾಲಿನ ಸಾಲು ಹೆಕ್ಕಿಕೊಳ್ಳಬಹುದು. ವಾಟರ್‌ಮನ್‌ಗೆ ಹೊತ್ತಿಗೆ ಸರಿಯಾಗಿ ವಾಲ್ವ್ ತಿರುಗಿಸುವುದು, ಪಿಡಿಒಗೆ ದುರಸ್ತಿಯ ರೊಕ್ಕ ತಡವಾಗದಂತೆ ನೋಡುವುದು, ಸದಸ್ಯನಿಗೆ ಕೊನೆಯ ಮನೆಗೆ ಹೋಗಿ ಪುಸ್ತಕ ನೋಡಿಬರುವುದು. ತಂಡದ ಗುರಿ ಒಬ್ಬೊಬ್ಬರ ಗುರಿಯಾಗಿ ಇಳಿಯುವುದು ಹೀಗೆ. ಮೇಲಿನವರು ಅಂಕಿಯನ್ನು ತಲೆಗಿಷ್ಟು ಎಂದು ಹಂಚಿಬಿಟ್ಟರೆ ಅದು ಗುರಿಯಾಗುವುದಿಲ್ಲ, ಹೊರೆಯಾಗುತ್ತದೆ.

ಮೂರು ತಿಂಗಳ ಕೊನೆಗೆ ನಾಲ್ಕರಲ್ಲಿ ಎರಡೇ ಸಾಲು ಗೆದ್ದಿದ್ದರೂ ಹಾಳೆಯನ್ನು ಹರಿಯಬೇಕಿಲ್ಲ, ವಾಟರ್‌ಮನ್‌ಗೆ ನೋಟಿಸ್ ಕೊಡಬೇಕಿಲ್ಲ. ಸೋತ ಸಾಲಿನ ಪಕ್ಕ ಕಾರಣ ಬರೆದು, ಮುಂದಿನ ಮೂರು ತಿಂಗಳು ಏನು ಬದಲಿಸುತ್ತೇವೆ ಎಂಬುದನ್ನು ಕೆಳಗೆ ಬರೆದರಾಯಿತು. ನಿಜ ಬರೆದವನಿಗೆ ಬೈಗುಳ ಬೀಳುವುದಿಲ್ಲ ಎಂದು ಒಮ್ಮೆ ಖಾತ್ರಿಯಾದರೆ, ಎರಡನೆಯ ಸಲ ಬರೆಯುವ ಅಂಕಿಗಳು ತಾವಾಗಿಯೇ ನಂಬಿಕೆಗೆ ಅರ್ಹವಾಗುತ್ತವೆ.